‘ಸನ್‌ರೈಸ್’ (1927): ಮಾತಿಲ್ಲದ, ಸದ್ದಿರುವ ಪ್ರೇಮಕಥೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ ‘ಸನ್‌ರೈಸ್: ಎ ಸಾಂಗ್ ಆಫ್ ಟೂ ಹ್ಯೂಮನ್ಸ್’ ಚಿತ್ರವನ್ನು ಮೊದಲ ಸಲ ನೋಡಿದವರು ಕಥೆಗಿಂತ ಮೊದಲು ಶಬ್ದದ ಬಗ್ಗೆ ಕೇಳುತ್ತಾರೆ. ಆಮೇಲೆ ಕ್ಯಾಮೆರಾ, ಆಮೇಲೆ ಆ ಗಂಡ. ಇಲ್ಲಿ ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ ಉತ್ತರಗಳಿವೆ. ಚಿತ್ರದ ಕೊನೆಯೂ ಇಲ್ಲಿ ಬಯಲಾಗಿದೆ. ಇನ್ನೂ ನೋಡಿಲ್ಲದವರು ಮೊದಲು ನೋಡಿ ಬರುವುದು ವಾಸಿ.

ಇದು ಮೂಕಿಯೋ, ಟಾಕಿಯೋ? ಕಾರಿನ ಹಾರ್ನ್ ಕೇಳಿಸಿತಲ್ಲ!

ಎರಡರ ನಡುವಿನದು. ಪಾತ್ರಗಳ ತುಟಿ ಆಡುತ್ತದೆ, ದನಿ ಹೊರಡುವುದಿಲ್ಲ. ಹೇಳಲೇಬೇಕಾದ ಮಾತು ಟೈಟಲ್ ಕಾರ್ಡಿನಲ್ಲಿ ಬರುತ್ತದೆ. ಆ ಲೆಕ್ಕಕ್ಕೆ ಮೂಕಿ. ಆದರೆ ವಾದ್ಯವೃಂದದ ಸಂಗೀತ, ಚರ್ಚಿನ ಗಂಟೆ, ಹಾರ್ನು, ಗುಂಪಿನ ಗದ್ದಲ ಎಲ್ಲವೂ ಫಿಲಂನ ಅಂಚಿನಲ್ಲೇ ಅಚ್ಚಾಗಿವೆ. ನೀವು ಕೇಳಿದ್ದು ಯಾರೋ ಇತ್ತೀಚೆಗೆ ಸೇರಿಸಿದ ಸದ್ದಲ್ಲ. 1927ರ ಬಿಡುಗಡೆಯಲ್ಲೇ ಅದು ಚಿತ್ರದೊಂದಿಗೆ ಬಂದಿತ್ತು.

ಇಂಥ ನಡುವಿನ ಚಿತ್ರಗಳು ಹಾಲಿವುಡ್‌ನಲ್ಲಿ 1926ರಿಂದ ಮೂರು ನಾಲ್ಕು ವರ್ಷ ಸಾಕಷ್ಟು ಬಂದವು. ಕನ್ನಡದವರು ಇಲ್ಲಿ ‘ಪುಷ್ಪಕ ವಿಮಾನ’ವನ್ನು (1987) ನೆನೆಯುವುದು ಸಹಜ. ಆದರೆ ಸಿಂಗೀತಂ ಶ್ರೀನಿವಾಸರಾವ್ ಮಾತು ಬಿಟ್ಟದ್ದು ಎಲ್ಲರೂ ಮಾತಾಡುತ್ತಿದ್ದ ಕಾಲದಲ್ಲಿ, ಬೇಕೆಂದೇ. ಮುರ್ನೌ ಕಾಲದಲ್ಲಿ ಮಾತು ಇನ್ನೂ ಬಾಗಿಲ ಆಚೆ ನಿಂತಿತ್ತು.

ಕಥೆ ಏನು? ಪಾತ್ರಗಳಿಗೆ ಹೆಸರೇ ಇಲ್ಲವಲ್ಲ?

ಇಲ್ಲ. ಗಂಡ, ಹೆಂಡತಿ, ನಗರದ ಹೆಂಗಸು, ಅಷ್ಟೇ. ಕೆರೆಯಂಥ ದೊಡ್ಡ ಸರೋವರದ ದಡದ ಹಳ್ಳಿಯಲ್ಲಿ ಒಬ್ಬ ರೈತ (ಜಾರ್ಜ್ ಒ’ಬ್ರಿಯನ್), ಅವನ ಹೆಂಡತಿ (ಜಾನೆಟ್ ಗೇನರ್), ಒಂದು ಕೂಸು. ಬೇಸಿಗೆಗೆಂದು ಬಂದ ನಗರದ ಹೆಂಗಸೊಬ್ಬಳು (ಮಾರ್ಗರೆಟ್ ಲಿವಿಂಗ್‌ಸ್ಟನ್) ಹಳ್ಳಿ ಬಿಟ್ಟು ಹೋಗುತ್ತಿಲ್ಲ. ಕಾರಣ ಆ ರೈತ. ಬೆಳದಿಂಗಳಲ್ಲಿ ಜವುಗು ನೆಲದಲ್ಲಿ ಅವರಿಬ್ಬರು ಸೇರುತ್ತಾರೆ. ಹೆಂಡತಿಯನ್ನು ದೋಣಿಯಲ್ಲಿ ಕರೆದೊಯ್ದು ಮುಳುಗಿಸು, ಅಪಘಾತವೆನ್ನು, ನೀನು ಮಾತ್ರ ಜೊಂಡಿನ ಕಟ್ಟು ಹಿಡಿದು ತೇಲಿ ಬಾ ಎನ್ನುತ್ತಾಳೆ ಅವಳು.

ಅವನು ದೋಣಿ ಹತ್ತಿಸುತ್ತಾನೆ, ಅರ್ಧ ದಾರಿಯಲ್ಲಿ ಎದ್ದು ನಿಲ್ಲುತ್ತಾನೆ, ಅವಳು ಕೈಮುಗಿಯುತ್ತಾಳೆ, ಅವನ ಕೈ ಮುಂದೆ ಹೋಗುವುದಿಲ್ಲ. ದಡ ತಲುಪಿದ್ದೇ ಅವಳು ಓಡಿ ಟ್ರಾಮ್ ಹತ್ತುತ್ತಾಳೆ, ಇವನೂ ಹಿಂದೆಯೇ. ಟ್ರಾಮ್ ನಗರಕ್ಕೆ ತಲುಪುತ್ತದೆ. ಅಲ್ಲಿಂದ ಚಿತ್ರದ ದೊಡ್ಡ ಭಾಗ, ಕೊಲ್ಲಲು ಹೊರಟವನೂ ಸಾಯಬೇಕಿದ್ದವಳೂ ಒಂದೇ ಹಗಲಿನಲ್ಲಿ ಮತ್ತೆ ಗಂಡ ಹೆಂಡಿರಾಗುವುದು. ರಾತ್ರಿ ಮರಳುವಾಗ ಬಿರುಗಾಳಿ. ಯಾವ ಜೊಂಡಿನ ಕಟ್ಟನ್ನು ತನಗೆಂದು ಅಡಗಿಸಿಟ್ಟಿದ್ದನೋ ಅದನ್ನೇ ಅವಳ ಮೈಗೆ ಕಟ್ಟುತ್ತಾನೆ. ಅವಳು ಬದುಕುತ್ತಾಳೆ.

ಮೂಲ ಕಥೆಯಲ್ಲಿ ಕೊನೆ ಬೇರೆಯಂತೆ, ಹೌದೇ?

ಹೌದು. ಜರ್ಮನ್ ಲೇಖಕ ಹರ್ಮನ್ ಸುಡರ್ಮನ್ ಬರೆದ, ಟಿಲ್ಸಿಟ್ ಎಂಬ ಊರಿಗೆ ಹೋಗುವ ಪಯಣದ ನೀಳ್ಗತೆ ಇದಕ್ಕೆ ಆಧಾರ. ಟಿಲ್ಸಿಟ್ ಆಗ ಪೂರ್ವ ಪ್ರಶ್ಯದಲ್ಲಿತ್ತು. ಇಂದು ಸೊವೆಟ್ಸ್ಕ್ ಎಂಬ ಹೆಸರಿನಲ್ಲಿ ರಷ್ಯಾದ ಕಲಿನಿನ್‌ಗ್ರಾದ್ ಪ್ರಾಂತದಲ್ಲಿದೆ. ಅಲ್ಲಿ ಹೆಂಡತಿಯನ್ನು ಉಳಿಸಿ ಗಂಡ ಮುಳುಗಿಹೋಗುತ್ತಾನೆ, ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ. ಕಾರ್ಲ್ ಮೇಯರ್ ಬರೆದ ಚಿತ್ರಕಥೆಯಲ್ಲಿ ಇಬ್ಬರೂ ಉಳಿಯುತ್ತಾರೆ, ಸೂರ್ಯ ಹುಟ್ಟುತ್ತಾನೆ. ಹಾಲಿವುಡ್ ಸುಖಾಂತ್ಯ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸತ್ತು ಲೆಕ್ಕ ತೀರಿಸುವುದಕ್ಕಿಂತ ಮರುದಿನ ಬೆಳಿಗ್ಗೆ ಅದೇ ಮನೆಯಲ್ಲಿ ಅವಳ ಮುಖ ನೋಡಿ ಬದುಕುವುದು ಅವನಿಗೆ ಕಷ್ಟದ ಶಿಕ್ಷೆ.

ಮೂಕಿ ಕಾಲದಲ್ಲಿ ಚಿತ್ರಮಂದಿರ ನಿಜಕ್ಕೂ ಮೌನವಾಗಿರುತ್ತಿತ್ತೇ?

ಎಂದೂ ಇಲ್ಲ. ಚಿಕ್ಕ ಊರಲ್ಲಿ ಒಂದು ಪಿಯಾನೋ, ಸ್ವಲ್ಪ ದೊಡ್ಡ ಕಡೆ ಆರ್ಗನ್, ಮಹಾನಗರದಲ್ಲಿ ಪೂರ್ಣ ವಾದ್ಯವೃಂದ. 1927ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಬಾಗಿಲು ತೆರೆದ ರಾಕ್ಸಿ ಚಿತ್ರಮಂದಿರದ ವಾದ್ಯವೃಂದದಲ್ಲಿ 100ಕ್ಕೂ ಹೆಚ್ಚು ಜನ ಕೂರುತ್ತಿದ್ದರು. ಜಪಾನಿನಲ್ಲಿ ‘ಬೆನ್‌ಶಿ’ಗಳು ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಿದ್ದರು, ಕೆಲವರು ನಟರಿಗಿಂತ ಜನಪ್ರಿಯರು. ನಮ್ಮಲ್ಲಿ ಹಾರ್ಮೋನಿಯಂ, ತಬಲಾ.

ಸಮಸ್ಯೆ ಇದ್ದದ್ದು ಬೇರೆ ಕಡೆ. ನಿರ್ದೇಶಕನಿಗೆ ತನ್ನ ಚಿತ್ರ ಯಾವ ಊರಲ್ಲಿ ಹೇಗೆ ಕೇಳಿಸುತ್ತದೆಂಬುದು ಗೊತ್ತಿರುತ್ತಿರಲಿಲ್ಲ. ಸಾವಿನ ದೃಶ್ಯಕ್ಕೆ ಪಿಯಾನೋದವನು ಕುಣಿತದ ಮಟ್ಟು ಬಾರಿಸಿದರೆ ಯಾರು ಕೇಳಬೇಕು? ಸ್ಟುಡಿಯೋಗಳು ಇಂಥ ದೃಶ್ಯಕ್ಕೆ ಇಂಥ ಸಂಗೀತ ಎಂದು ಪಟ್ಟಿ ಬರೆದು ಕಳಿಸುತ್ತಿದ್ದವು, ಪಾಲಿಸುವುದು ಬಿಡುವುದು ಆಯಾ ಮಂದಿರದ ಮರ್ಜಿ. 1926–27ರಲ್ಲಿ ಆದ ಬದಲಾವಣೆಯ ತಿರುಳು ಇಲ್ಲಿದೆ: ಶಬ್ದದ ಕಡಿವಾಣ ಮಂದಿರದಿಂದ ಸ್ಟುಡಿಯೋ ಕೈಗೆ ಹೋಯಿತು. ‘ಸನ್‌ರೈಸ್’ ಅರ್ಥವಾಗಬೇಕಾದರೆ ‘ಮೂಕ ಸಿನಿಮಾಕ್ಕೆ ಮಾತು ಬಂತು’ ಎನ್ನುವ ರೂಢಿಯ ಕಥೆಗಿಂತ ಇದನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಮಾತು ಬರುವ ಮೊದಲು ಒಂದು ಚಿಕ್ಕ ಅವಧಿಯಲ್ಲಿ ಬಂದದ್ದು ಶಬ್ದದ ಮೇಲಿನ ಹಿಡಿತ.

ಈ ಹಿಡಿತಕ್ಕೆ ಬೆಲೆ ತೆತ್ತವರು ವಾದ್ಯಗಾರರು. ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅವರ ಸಂಘ ‘ಡಬ್ಬಿ ಸಂಗೀತ’ ಬೇಡವೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಹೋರಾಡಿತು. ಗೆಲ್ಲಲಿಲ್ಲ.

ಚಿತ್ರಕ್ಕೆ ಶಬ್ದ ಕೂಡಿಸಲು ಅದಕ್ಕೂ ಮೊದಲು ಯಾರೂ ಯತ್ನಿಸಿರಲಿಲ್ಲವೇ?

ಸಿನಿಮಾ ಹುಟ್ಟಿದಾಗಿನಿಂದಲೂ ಯತ್ನಿಸುತ್ತಲೇ ಇದ್ದರು. ಎಡಿಸನ್ ಪ್ರಯೋಗಾಲಯದಲ್ಲಿ ಡಬ್ಲ್ಯು. ಕೆ. ಎಲ್. ಡಿಕ್ಸನ್ 1894–95ರ ಸುಮಾರಿಗೆ ತೆಗೆದ ಒಂದು ತುಣುಕು ಉಳಿದಿದೆ: ದೊಡ್ಡ ಕೊಳವೆಯ ಮುಂದೆ ಒಬ್ಬ ಪಿಟೀಲು ಬಾರಿಸುತ್ತಾನೆ, ಪಕ್ಕದಲ್ಲಿ ಇಬ್ಬರು ಗಂಡಸರು ಕೈಹಿಡಿದು ಕುಣಿಯುತ್ತಾರೆ. ಚಿತ್ರ ಫಿಲಂ ಮೇಲೆ, ಪಿಟೀಲು ಮೇಣದ ಸಿಲಿಂಡರಿನ ಮೇಲೆ. ಎರಡನ್ನೂ ಜೋಡಿಸಿ ನೋಡಲು ಸಾಧ್ಯವಾದದ್ದು ಒಂದು ಶತಮಾನ ಕಳೆದ ಮೇಲೆ.

ಫ್ರಾನ್ಸಿನಲ್ಲಿ ಗೋಮಾಂಟ್ ಕಂಪನಿಯ ಕ್ರೋನೊಫೋನ್, 1913ರಲ್ಲಿ ಎಡಿಸನ್‌ನ ಕೈನೆಟೋಫೋನ್, ಎಲ್ಲವೂ ಬಂದು ಹೋದವು. ಎರಡು ಕಡೆ ಸೋತವು. ಒಂದು, ಚಿತ್ರ ಒಂದು ಯಂತ್ರದಲ್ಲಿ, ಶಬ್ದ ಇನ್ನೊಂದರಲ್ಲಿ. ಜೊತೆಯಾಗಿ ಓಡಿಸುವುದು ಕಷ್ಟ. ಎರಡು, ಸಾವಿರ ಜನ ಕೂತ ಹಾಲಿನ ಕೊನೆಯ ಸಾಲಿಗೆ ಕೇಳಿಸುವಷ್ಟು ದನಿಯನ್ನು ಹಿಗ್ಗಿಸುವ ದಾರಿ ಇರಲಿಲ್ಲ. ಎರಡನೆಯದಕ್ಕೆ ಪರಿಹಾರ ಬಂದದ್ದು ರೇಡಿಯೋ ಮತ್ತು ಟೆಲಿಫೋನಿನ ಕಡೆಯಿಂದ, ಸಣ್ಣ ವಿದ್ಯುತ್ ಸಂಕೇತವನ್ನು ಹಿಗ್ಗಿಸುವ ವ್ಯಾಕ್ಯೂಮ್ ಟ್ಯೂಬ್ ರೂಪದಲ್ಲಿ. ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದ ಆಡಿಯಾನ್ ಟ್ಯೂಬು ಅದರ ಮೊದಲ ರೂಪ. ಅದೇ ಡಿ ಫಾರೆಸ್ಟ್ 1923ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ಫೋನೋಫಿಲ್ಮ್ ಎಂಬ ಹೆಸರಿನಲ್ಲಿ ಸದ್ದಿರುವ ಕಿರುಚಿತ್ರಗಳನ್ನು ತೋರಿಸಿದ. ಅವನಿಗೆ ಬೇಕಾದ ಸೂಕ್ಷ್ಮ ಭಾಗಗಳನ್ನು ಒದಗಿಸಿದವನು ಥಿಯೋಡರ್ ಕೇಸ್. ಕೀರ್ತಿ ಯಾರದೆಂಬ ಮಾತಿಗೆ ಇಬ್ಬರೂ ಮುನಿಸಿಕೊಂಡು ಬೇರೆಯಾದರು. ಕೇಸ್ ತನ್ನ ಸಹಾಯಕ ಅರ್ಲ್ ಸ್ಪಾನೆಬಲ್ ಜೊತೆ ಸೇರಿ ವಿಧಾನವನ್ನು ತಿದ್ದಿ, 1926ರಲ್ಲಿ ಫಾಕ್ಸ್ ಸ್ಟುಡಿಯೋದ ಒಡೆಯ ವಿಲಿಯಂ ಫಾಕ್ಸ್‌ಗೆ ಮಾರಿದ. ಅದೇ ಮೂವಿಟೋನ್. ಫಾಕ್ಸ್ ತೆಗೆದ ‘ಸನ್‌ರೈಸ್’ನ ಶಬ್ದ ಈ ವಿಧಾನದ್ದೇ.

ವಾರ್ನರ್ ಕಂಪನಿಯ ವೈಟಾಫೋನ್‌ಗೂ ಇದಕ್ಕೂ ಏನು ವ್ಯತ್ಯಾಸ?

ವೈಟಾಫೋನ್‌ನಲ್ಲಿ ಶಬ್ದ ಗ್ರಾಮಫೋನ್ ತಟ್ಟೆಯ ಮೇಲಿತ್ತು. 16 ಅಂಗುಲದ ತಟ್ಟೆ, ನಿಮಿಷಕ್ಕೆ 33⅓ ಸುತ್ತು, ಮುಳ್ಳು ಒಳಗಿನಿಂದ ಹೊರಕ್ಕೆ ಚಲಿಸುವುದು. ಒಂದು ರೀಲಿಗೆ ಒಂದು ತಟ್ಟೆ. ತಟ್ಟೆಯನ್ನೂ ಪ್ರೊಜೆಕ್ಟರನ್ನೂ ಒಂದೇ ಮೋಟಾರು ತಿರುಗಿಸುತ್ತಿತ್ತು. 1926ರ ಆಗಸ್ಟ್ 6ರಂದು ಜಾನ್ ಬ್ಯಾರಿಮೋರ್ ನಟನೆಯ ‘ಡಾನ್ ವಾನ್’ ಹೀಗೆ ಸಂಗೀತದೊಂದಿಗೆ ಬಂತು, ಅದರಲ್ಲೂ ಮಾತಿಲ್ಲ.

ಕೇಳಲು ತಟ್ಟೆಯ ಶಬ್ದ ಚೆನ್ನಾಗಿಯೇ ಇತ್ತು. ಕಷ್ಟವೆಲ್ಲ ಆಪರೇಟರ್‌ಗೆ. ಮುಳ್ಳು ಹಾರಿದರೆ ಶಬ್ದ ಒಂದು ಕಡೆ, ಚಿತ್ರ ಒಂದು ಕಡೆ. ಫಿಲಂ ಹರಿದರೆ ಎಷ್ಟು ಚೌಕಟ್ಟು ಹೋಯಿತೋ ಅಷ್ಟೇ ಕಪ್ಪು ಫಿಲಂ ಅಂಟಿಸಿ ಸರಿದೂಗಿಸಬೇಕು. ತಟ್ಟೆ ಸುಮಾರು 20 ಪ್ರದರ್ಶನಕ್ಕೆ ಸವೆಯುವುದು. ಮೂವಿಟೋನ್‌ನಲ್ಲಿ ಶಬ್ದವೂ ಚಿತ್ರವೂ ಒಂದೇ ಫಿಲಂನ ಮೇಲೆ. ಹರಿದರೆ ಎರಡೂ ಸೇರಿಯೇ ಹರಿಯುತ್ತವೆ, ಸೇರಿಯೇ ಅಂಟುತ್ತವೆ. ಗೆದ್ದದ್ದು ಫಿಲಂ ಮೇಲೆ ಶಬ್ದ ಬರೆಯುವ ದಾರಿಯೇ. ಡಿಜಿಟಲ್ ಬರುವವರೆಗೂ ನಮ್ಮ ಟೆಂಟುಗಳಲ್ಲಿ ಓಡಿದ 35 ಎಂಎಂ ರೀಲುಗಳ ಶಬ್ದ ಆ ಕುಲದ್ದೇ.

ಫಿಲಂ ಮೇಲೆ ಶಬ್ದ ಬರೆಯುವುದು ಅಂದರೆ ಹೇಗೆ?

ಮೈಕ್ ಶಬ್ದವನ್ನು ವಿದ್ಯುತ್ತಾಗಿಸುತ್ತದೆ. ಆ ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಒಂದು ಅನಿಲದ ದೀಪ ಹೆಚ್ಚು ಕಡಿಮೆ ಬೆಳಗುತ್ತದೆ. ಕೇಸ್ ಮಾಡಿದ ಆ ದೀಪಕ್ಕೆ ಏಯೋಲೈಟ್ ಎಂದು ಹೆಸರು. ಕೂದಲೆಳೆಯಂಥ ಸೀಳಿನ ಮೂಲಕ ಆ ಬೆಳಕು ಓಡುವ ಫಿಲಂನ ಅಂಚಿಗೆ ಬೀಳುತ್ತದೆ. ತೊಳೆದ ಮೇಲೆ ಅಂಚಿನುದ್ದಕ್ಕೂ ಕಪ್ಪು ಬಿಳುಪಿನ ನಡುವಿನ ನೂರಾರು ಬೂದು ಗೆರೆಗಳ ಪಟ್ಟಿ ಕಾಣುತ್ತದೆ. ಮಂದಿರದಲ್ಲಿ ಇದೇ ಕೆಲಸ ತಿರುಗುಮುರುಗು: ಸ್ಥಿರವಾದ ದೀಪದ ಬೆಳಕು ಆ ಪಟ್ಟಿಯ ಮೂಲಕ ಹಾಯ್ದು, ಬೆಳಕನ್ನು ವಿದ್ಯುತ್ತಾಗಿಸುವ ದ್ಯುತಿಕೋಶಕ್ಕೆ ಬಡಿಯುತ್ತದೆ, ಗೆರೆಗಳಿಗೆ ತಕ್ಕಂತೆ ಕರೆಂಟು ಏರಿಳಿಯುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಪರದೆಯ ಹಿಂದಿನ ಸ್ಪೀಕರಿಗೆ ಕಳಿಸುತ್ತದೆ.

ಇದರಲ್ಲೊಂದು ಸೊಗಸಾದ ತೊಡಕಿದೆ. ಚಿತ್ರಕ್ಕಾಗಿ ಫಿಲಂ ಪ್ರೊಜೆಕ್ಟರಿನ ಗೇಟಿನಲ್ಲಿ, ಅಂದರೆ ಚೌಕಟ್ಟಿನ ಮೇಲೆ ಬೆಳಕು ಬೀಳುವ ಕಿಂಡಿಯಲ್ಲಿ, ಚೌಕಟ್ಟಿಗೊಮ್ಮೆ ನಿಂತು ನಿಂತು ಚಲಿಸಬೇಕು. ಶಬ್ದಕ್ಕಾಗಿ ತಡೆಯಿಲ್ಲದೆ ಸಮನಾಗಿ ಜಾರಬೇಕು. ಒಂದೇ ಜಾಗದಲ್ಲಿ ಎರಡೂ ಆಗದು. ಅದಕ್ಕೇ ಶಬ್ದ ಓದುವ ಭಾಗವನ್ನು ಗೇಟಿನಿಂದ ದೂರ ಇಟ್ಟು, ಶಬ್ದವನ್ನು ಅದರ ಚಿತ್ರಕ್ಕಿಂತ ಸುಮಾರು 20 ಚೌಕಟ್ಟು ಮುಂದೆ ಅಚ್ಚು ಹಾಕಿದರು. ಗಂಟೆಯ ಚಿತ್ರ ಗೇಟಿನಲ್ಲಿರುವಾಗ ಅದರ ನಾದ ಆಗಲೇ ಕೆಳಗಿನ ಉರುಳೆ ದಾಟುತ್ತಿರುತ್ತದೆ; ಮಂದಿರದಲ್ಲಿ ಎರಡೂ ಒಟ್ಟಿಗೇ ಬರುತ್ತವೆ.

ಚಿತ್ರದ ಚೌಕಟ್ಟು ಯಾಕೆ ಅಷ್ಟು ಕಿರಿದು?

ಶಬ್ದದ ಪಟ್ಟಿಗೆ ಜಾಗ ಬಿಡಲು. ಮೂಕಿ ಚಿತ್ರದ ಅಗಲ ಎತ್ತರದ 1.33 ಪಟ್ಟು. ಒಂದು ಪಕ್ಕ ಪಟ್ಟಿಗೆ ಹೋದ ಮೇಲೆ ಉಳಿದದ್ದು ಸುಮಾರು 1.20. ಟಿವಿಯಲ್ಲಿ ಎರಡು ಕಡೆ ದಪ್ಪ ಕಪ್ಪು ಪಟ್ಟಿ ಕಂಡರೆ ಹಿಗ್ಗಿಸಲು ಹೋಗಬೇಡಿ.

ಶಬ್ದವನ್ನು ಯಾವ ಯಾವ ಜಾಗದಲ್ಲಿ ಗಮನಿಸಬೇಕು?

ಮೂರು ಕಡೆ ಸಾಕು. ಉಳಿದದ್ದೆಲ್ಲ ಕಿವಿಗೆ ತಾನೇ ಬೀಳುತ್ತದೆ.

ಮೊದಲನೆಯದು ಚರ್ಚು. ನಗರದಲ್ಲಿ ಬೇರೆ ಯಾರದೋ ಮದುವೆ. ಹೊರಗಿನಿಂದ ಗಂಟೆ ಕೇಳಿ ಇವರು ಒಳಗೆ ಬಂದು ಹಿಂದೆ ಕೂರುತ್ತಾರೆ. ಪಾದ್ರಿ ಹೊಸ ಗಂಡನಿಗೆ ಅವಳನ್ನು ಕಾಪಾಡುವೆಯಾ ಎಂಬರ್ಥದಲ್ಲಿ ಕೇಳುವಾಗ ನಮ್ಮವನು ಹೆಂಡತಿಯ ಮಡಿಲಿಗೆ ತಲೆಯಿಟ್ಟು ಬಿಕ್ಕುತ್ತಾನೆ. ಗಂಟೆ ಬಾರಿಸುತ್ತಲೇ ಇರುತ್ತದೆ. ಹೊರಗೆ ಬರುವಾಗ ಮದುಮಕ್ಕಳಿಗಾಗಿ ಕಾದ ಜನರ ನಡುವೆ ಇವರಿಬ್ಬರೇ ಮೊದಲು ಇಳಿದು ಬರುತ್ತಾರೆ. ಯಾರದೋ ಗಂಟೆ ಇವರದಾಗುತ್ತದೆ.

ಎರಡನೆಯದು ಅದರ ಬೆನ್ನಿಗೇ. ಇಬ್ಬರೂ ಕೈ ಹಿಡಿದು ರಸ್ತೆಗಿಳಿಯುತ್ತಾರೆ. ವಾಹನಗಳು ಅಕ್ಕಪಕ್ಕ ಹಾದುಹೋಗುತ್ತಿವೆ, ಇವರಿಗೆ ಪರಿವೆಯಿಲ್ಲ. ನೋಡುತ್ತಿದ್ದಂತೆ ರಸ್ತೆ ಕರಗಿ ಹೂಬಿಟ್ಟ ಬಯಲಾಗುತ್ತದೆ, ಅಲ್ಲಿ ಮುತ್ತು. ಮರುಕ್ಷಣ ಬಯಲು ಕರಗಿ ಮತ್ತೆ ರಸ್ತೆ, ಕುದುರೆಗಾಡಿ, ಬಸ್ಸು, ಕಾರು ಎಲ್ಲ ಅವರ ಸುತ್ತ ಸಿಕ್ಕಿಹಾಕಿಕೊಂಡು ಹಾರ್ನು, ಕೂಗಾಟ. ಕಣ್ಣಿಗೆ ಕಾಣುವ ಟ್ರಾಫಿಕ್ಕಿಗಿಂತ ಕಿವಿಗೆ ಬಡಿಯುವುದು ಈ ದೃಶ್ಯದ ತಮಾಷೆ. ಆ ಬಯಲಿನ ಸಂಗೀತದ ಮೇಲೆ ಹಾರ್ನು ಎರಗದಿದ್ದರೆ ನಗು ಅರ್ಧವೂ ಬರುವುದಿಲ್ಲ. ಊರ ಊರಿನ ಪಿಯಾನೋದವರಿಗೆ ಬಿಟ್ಟಿದ್ದರೆ ಆ ಕ್ಷಣ ಎಲ್ಲ ಕಡೆ ಒಂದೇ ಅಳತೆಗೆ ಬೀಳುತ್ತಿರಲಿಲ್ಲ.

ಮೂರನೆಯದು ಬಿರುಗಾಳಿಯ ನಂತರ. ರಾತ್ರಿ, ದೋಣಿಗಳಲ್ಲಿ ಲಾಂದ್ರ ಹಿಡಿದ ಹಳ್ಳಿಯ ಜನ. ಗಂಡ ದೋಣಿಯಿಂದ ಹೆಂಡತಿಯನ್ನು ಕೂಗುತ್ತಾನೆ. ಬಾಯಿ ತೆರೆಯುತ್ತದೆ. ಬರುವುದು ಅವನ ದನಿಯಲ್ಲ, ಫ್ರೆಂಚ್ ಹಾರ್ನಿನ ಒಂಟಿ ಸ್ವರ. ಮತ್ತೆ ಕೂಗು, ಮತ್ತೆ ಕೊಂಬು. ಟಾಕಿಯಲ್ಲಾಗಿದ್ದರೆ ಅವನು ಹೆಸರು ಹಿಡಿದು ಕೂಗಬೇಕಿತ್ತು, ಆ ಹೆಸರು ನಮಗೆ ಗೊತ್ತಾಗಬೇಕಿತ್ತು. ಪೂರ್ತಿ ಮೂಕಿಯಲ್ಲಾಗಿದ್ದರೆ ಟೈಟಲ್ ಕಾರ್ಡು ಅಡ್ಡ ಬರಬೇಕಿತ್ತು. ಈ ನಡುವಿನ ಕಾಲದಲ್ಲಿ ಮಾತ್ರ ಇಂಥದ್ದು ಹೊಳೆಯಲು ಸಾಧ್ಯ. ಇಡೀ ಚಿತ್ರದಲ್ಲಿ ನನಗೆ ಮುಖ್ಯವೆನಿಸುವ ಅರ್ಧ ನಿಮಿಷ ಇದು.

ಸಂಗೀತ ಹ್ಯೂಗೋ ರೀಸೆನ್‌ಫೆಲ್ಡ್ ಹೆಸರಿನಲ್ಲಿದೆ. ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನ ದೊಡ್ಡ ಚಿತ್ರಮಂದಿರಗಳ ವಾದ್ಯವೃಂದ ನಡೆಸಿದವರು. ಆ ಕಾಲದ ರೂಢಿಯಂತೆ ಹಳೆಯ ಶಾಸ್ತ್ರೀಯ ಕೃತಿಗಳ ತುಣುಕುಗಳೂ ಇದರಲ್ಲಿ ಬರುತ್ತವೆ. ಫ್ರೆಂಚ್ ಸಂಗೀತಗಾರ ಗೂನೊ ರಚಿಸಿದ ಗೊಂಬೆಯ ಶವಯಾತ್ರೆಯ ಕುಂಟು ಮಟ್ಟನ್ನು ಕೇಳಿ ಹಿರಿಯ ಟಿವಿ ಪ್ರೇಮಿಗಳು ಬೆಚ್ಚುತ್ತಾರೆ. ಮುಂದೆ ಹಿಚ್‌ಕಾಕ್ ತಮ್ಮ ಟಿವಿ ಸರಣಿಗೆ ಅದನ್ನೇ ಬಳಸಿಕೊಂಡರು.

ಟೈಟಲ್ ಕಾರ್ಡಿನ ಅಕ್ಷರ ಕರಗಿದ್ದು ಪ್ರತಿ ಹಾಳಾದದ್ದರಿಂದಲೇ?

ಅಲ್ಲ, ಬೇಕೆಂದೇ ಮಾಡಿದ್ದು. ಹೆಂಡತಿಯನ್ನು ಮುಳುಗಿಸಬಾರದೇ ಎಂದು ನಗರದ ಹೆಂಗಸು ಕೇಳುವ ಕಾರ್ಡಿನ ಅಕ್ಷರಗಳು ನೀರಿನಲ್ಲಿ ಜಾರುವಂತೆ ಕೆಳಕ್ಕೆ ಸರಿಯುತ್ತವೆ. ಚಿತ್ರ ಸಾಗಿದಂತೆ ಕಾರ್ಡುಗಳೇ ಅಪರೂಪವಾಗುತ್ತವೆ. ಜರ್ಮನಿಯಲ್ಲಿ 1924ರಲ್ಲೇ ಮುರ್ನೌ ಹೆಚ್ಚು ಕಡಿಮೆ ಕಾರ್ಡೇ ಇಲ್ಲದ ‘ದಿ ಲಾಸ್ಟ್ ಲಾಫ್’ ಮಾಡಿದ್ದರು, ಅದರ ಕಥೆಯೂ ಕಾರ್ಲ್ ಮೇಯರ್ ಅವರದೇ.

ಕ್ಯಾಮೆರಾ ಹಾಗೆ ತೇಲಿದ್ದು ಹೇಗೆ? ಆಗ ನಡೆಯುವಾಗಲೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಸ್ಟೆಡಿಕ್ಯಾಮ್ ಇರಲಿಲ್ಲವಲ್ಲ?

ಜವುಗು ನೆಲದ ದೃಶ್ಯವನ್ನೇ ಕೇಳುತ್ತಿದ್ದೀರಿ. ಅದು ಸ್ಟುಡಿಯೋ ಒಳಗಿನ ಸೆಟ್. ಮೇಲೆ ಹಳಿ ಹಾಕಿ ಅದರಿಂದ ಕ್ಯಾಮೆರಾವನ್ನು ತೂಗುಬಿಟ್ಟು ತಳ್ಳಿದ್ದಾರೆ. ಕ್ಯಾಮೆರಾ ಗಂಡನ ಬೆನ್ನು ಹಿಡಿದು ಮಂಜಿನಲ್ಲಿ ಸಾಗುತ್ತದೆ, ಬೇಲಿ ದಾಟುತ್ತದೆ, ಆಮೇಲೆ ಅವನನ್ನೇ ಬಿಟ್ಟು ಕೊಂಬೆಗಳನ್ನು ಸರಿಸಿಕೊಂಡು ಅವನಿಗಿಂತ ಮೊದಲೇ ಆ ಹೆಂಗಸಿನ ಮುಂದೆ ನಿಲ್ಲುತ್ತದೆ. ಅವನ ಆಸೆ ಅವನಿಗಿಂತ ಮುಂದೆ ಓಡಿದೆ. ಛಾಯಾಗ್ರಾಹಕರು ಚಾರ್ಲ್ಸ್ ರೋಷರ್ ಮತ್ತು ಕಾರ್ಲ್ ಸ್ಟ್ರಸ್. ಒ’ಬ್ರಿಯನ್ ಕಾಲೆಳೆದು ನಡೆಯಲೆಂದು ಬೂಟಿಗೆ ಸೀಸ ಹಾಕಿಸಿದ್ದರಂತೆ.

ಶಬ್ದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಈ ಚಿತ್ರಕ್ಕೆ ಸಂಗೀತ ಮತ್ತು ಸದ್ದು ಕೂಡಿಸಿದ್ದು ಚಿತ್ರೀಕರಣ ಮುಗಿದ ಮೇಲೆ. ಹಾಗಾಗಿ ಸೆಟ್ಟಿನಲ್ಲಿ ಮೈಕ್ ಇರಲಿಲ್ಲ, ಕ್ಯಾಮೆರಾ ಎಷ್ಟು ಬೇಕಾದರೂ ಗರಗರ ಎನ್ನಬಹುದಿತ್ತು. ಎರಡೇ ವರ್ಷದಲ್ಲಿ ಮಾತಿನ ಚಿತ್ರಗಳು ಬಂದಾಗ ಅದೇ ಗರಗರ ಮೈಕಿಗೆ ಕೇಳಬಾರದೆಂದು ಕ್ಯಾಮೆರಾವನ್ನು ಗಾಜಿನ ಕಿಟಕಿಯ ಗೂಡಿನೊಳಗೆ ಕೂಡಿಹಾಕಿದರು. ನಟರು ಮೈಕ್ ಬಚ್ಚಿಟ್ಟ ಹೂದಾನಿಯ ಸುತ್ತ ನಿಂತು ಮಾತಾಡಿದರು. 1929ರ ಹಲವು ಚಿತ್ರಗಳನ್ನು ಈಗ ಬೇಸರವಿಲ್ಲದೆ ನೋಡಲು ಆಗದಿರುವುದಕ್ಕೆ ಇದೇ ಕಾರಣ.

ಆ ನಗರ ನಿಜವಾದದ್ದೇ?

ಸೆಟ್. ಕಲಾ ನಿರ್ದೇಶಕ ರೋಕಸ್ ಗ್ಲೀಸೆ ಫಾಕ್ಸ್ ಸ್ಟುಡಿಯೋ ಜಾಗದಲ್ಲಿ ಕಟ್ಟಿಸಿದ್ದು. ದೂರವಿದ್ದಂತೆ ಕಾಣಲು ಹಿಂದಿನ ಕಟ್ಟಡಗಳನ್ನು ಚಿಕ್ಕದಾಗಿ ಕಟ್ಟಿ, ಹಿನ್ನೆಲೆಯಲ್ಲಿ ಗಿಡ್ಡ ಮೈಕಟ್ಟಿನವರನ್ನು ಓಡಾಡಿಸಿದ್ದಾರೆ. ಹಳ್ಳಿಯ ಸೆಟ್ ಕ್ಯಾಲಿಫೋರ್ನಿಯಾದ ಆರೋಹೆಡ್ ಸರೋವರದ ದಡದಲ್ಲಿತ್ತು. ಕಾಡಿನಿಂದ ನಗರಕ್ಕೆ ಬರುವ ಟ್ರಾಮಿಗೆಂದು ಹಳಿಯನ್ನೇ ಹಾಸಿದರು. ಖರ್ಚು ಕೈಮೀರಿತು, ಗಳಿಕೆ ಅಷ್ಟು ಬರಲಿಲ್ಲ.

ಮೊದಲ ಪ್ರದರ್ಶನದಲ್ಲಿ ಮುಸೊಲಿನಿ ಮಾತಾಡಿದನಂತೆ?

ತೆರೆಯ ಮೇಲೆ. 1927ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಚಿತ್ರಮಂದಿರದಲ್ಲಿ ‘ಸನ್‌ರೈಸ್’ ಜೊತೆಗೆ ಮೂವಿಟೋನ್ ಕಿರುಚಿತ್ರಗಳಲ್ಲಿ ಮುಸೊಲಿನಿಯ ಭಾಷಣವನ್ನೂ ವ್ಯಾಟಿಕನ್ ಗಾಯಕವೃಂದವನ್ನೂ ತೋರಿಸಿದರು. ಅಂದರೆ ಅಂದು ಅಲ್ಲಿ ಮಾತು ಕೇಳಿದ್ದು ಸರ್ವಾಧಿಕಾರಿಯಿಂದ, ಪ್ರೇಮಿಗಳು ಸುಮ್ಮನಿದ್ದರು. ಮೂವಿಟೋನ್‌ಗೆ ಹೆಸರು ತಂದದ್ದೂ ಸುದ್ದಿಚಿತ್ರಗಳೇ. ಅದೇ ವರ್ಷ ಮೇ 20ರಂದು ವೈಮಾನಿಕ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಲು ವಿಮಾನ ಏರಿದ್ದನ್ನು ಎಂಜಿನ್ ಸದ್ದಿನ ಸಮೇತ ತೆಗೆದು, ಅಂದು ರಾತ್ರಿಯೇ ರಾಕ್ಸಿಯಲ್ಲಿ ತೋರಿಸಿದ್ದರು.

‘ದಿ ಜಾಸ್ ಸಿಂಗರ್’ ತಾನೇ ಮೊದಲ ಟಾಕಿ?

ಅದು ಬಂದದ್ದು ಎರಡು ವಾರ ತಡವಾಗಿ, ಅಕ್ಟೋಬರ್ 6ಕ್ಕೆ. ಅದೂ ಬಹುಪಾಲು ಮೂಕಿಯೇ. ಹಾಡುಗಳು, ನಡುವೆ ಆಲ್ ಜಾಲ್ಸನ್ ಆಡುವ ಒಂದೆರಡು ನಿಮಿಷದ ಮಾತು. ಆ ಒಂದೆರಡು ನಿಮಿಷಕ್ಕೆ ಜನ ಮುಗಿಬಿದ್ದರು. ಮೊದಲಿಂದ ಕೊನೆಯವರೆಗೆ ಮಾತಿರುವ ಮೊದಲ ಚಿತ್ರ 1928ರ ‘ಲೈಟ್ಸ್ ಆಫ್ ನ್ಯೂಯಾರ್ಕ್’. ಅಲ್ಲಿಂದ ಮೇಲೆ ಎಲ್ಲರಿಗೂ ಮಾತಿನ ಹುಚ್ಚು. ಮುಗಿದ ಮೂಕಿಗಳಿಗೂ ಎರಡು ಮೂರು ಮಾತಿನ ದೃಶ್ಯ ತುರುಕಿ ಬಿಡುಗಡೆ ಮಾಡತೊಡಗಿದರು. ಪಾಲ್ ಫೆಯೋಸ್ ನಿರ್ದೇಶನದ ‘ಲೋನ್‌ಸಮ್’ (1928) ನೋಡಿದರೆ ಇದರ ಫಲ ಗೊತ್ತಾಗುತ್ತದೆ. ಅಷ್ಟು ಹೊತ್ತು ಚಿಮ್ಮುತ್ತಿದ್ದ ಪ್ರೇಮಕಥೆ ಇದ್ದಕ್ಕಿದ್ದಂತೆ ನಿಂತು, ಇಬ್ಬರೂ ಬಾಯಿಪಾಠ ಒಪ್ಪಿಸಿ, ಮತ್ತೆ ಓಡುತ್ತದೆ. ಮುರ್ನೌಗೂ ಇದು ತಪ್ಪಲಿಲ್ಲ. ಅವರ ಮುಂದಿನ ‘ಫೋರ್ ಡೆವಿಲ್ಸ್’ಗೆ ಮಾತಿನ ಭಾಗ ಸೇರಿತು, ಆ ಚಿತ್ರವೇ ಈಗ ಇಲ್ಲ.

ಆಸ್ಕರ್ ಬಂದಿತ್ತೇ?

1929ರ ಮೇ 16ರ ಮೊಟ್ಟಮೊದಲ ಸಮಾರಂಭದಲ್ಲಿ ಮೂರು. ಅಪೂರ್ವ ಕಲಾತ್ಮಕ ಚಿತ್ರವೆಂಬ ವಿಭಾಗದ ಪ್ರಶಸ್ತಿ, ಛಾಯಾಗ್ರಹಣಕ್ಕೆ ಒಂದು, ಜಾನೆಟ್ ಗೇನರ್‌ಗೆ ಶ್ರೇಷ್ಠ ನಟಿ. ಗೇನರ್ ಪ್ರಶಸ್ತಿ ‘ಸೆವೆಂತ್ ಹೆವನ್’, ‘ಸ್ಟ್ರೀಟ್ ಏಂಜೆಲ್’ ಮತ್ತು ಇದು, ಮೂರಕ್ಕೂ ಸೇರಿ. ಅದೇ ವರ್ಷ ‘ವಿಂಗ್ಸ್’ ಗೆದ್ದ ಇನ್ನೊಂದು ವಿಭಾಗ ಮುಂದೆ ‘ಶ್ರೇಷ್ಠ ಚಿತ್ರ’ವೆನಿಸಿತು, ಕಲಾತ್ಮಕ ಚಿತ್ರದ ವಿಭಾಗವನ್ನು ಮರುವರ್ಷವೇ ಕೈಬಿಟ್ಟರು.

ಬೆಳಿಗ್ಗೆ ಕೊಲ್ಲಲು ಹೊರಟವನನ್ನು ಮಧ್ಯಾಹ್ನಕ್ಕೆ ಕ್ಷಮಿಸುವುದೇ? ಇದನ್ನು ಪ್ರೇಮಕಥೆ ಅನ್ನಬಹುದೇ?

ಅತಿ ಹೆಚ್ಚು ಬರುವ ಪ್ರಶ್ನೆ, ನ್ಯಾಯವಾದದ್ದು. ಉತ್ತರ ನುಣುಚಿಕೊಳ್ಳುವಂತಿರಬಾರದು. ಚಿತ್ರ ಹೆಂಡತಿಯ ಮನಸ್ಸಿನೊಳಗೆ ಹೋಗುವುದು ಕಡಿಮೆ. ಅವನ ಪಶ್ಚಾತ್ತಾಪಕ್ಕೆ ಎಷ್ಟು ಕ್ಯಾಮೆರಾ ಇದೆಯೋ ಅವಳ ಭಯಕ್ಕೆ ಅಷ್ಟಿಲ್ಲ. ಹೊಂಬಣ್ಣದ ವಿಗ್ ಬಿಗಿದು ಕಟ್ಟಿದ ಹೆಂಡತಿ ಒಳ್ಳೆಯವಳು, ಕೂದಲು ಕತ್ತರಿಸಿ ಸಿಗರೇಟು ಸೇದುವವಳು ಕೆಟ್ಟವಳು ಎಂಬ ಲೆಕ್ಕವಂತೂ ನಮ್ಮ ಎಪ್ಪತ್ತರ ದಶಕದ ಸಿನಿಮಾಗಳವರೆಗೂ ಬಾಳಿದ ಹಳೆಯ ಚಾಳಿ.

ಆದರೆ ಟ್ರಾಮಿನಲ್ಲಿ ಗೇನರ್ ಮುಖ ನೋಡಿ. ಅವನು ಮುಟ್ಟಲು ಬಂದಾಗಲೆಲ್ಲ ಅವಳ ಭುಜ ಕುಗ್ಗುತ್ತದೆ. ಹೋಟೆಲಿನಲ್ಲಿ ಅವನು ಮುಂದೆ ತಳ್ಳಿದ ತಿಂಡಿಯನ್ನು ಬಾಯಿಗಿಟ್ಟು ನುಂಗಲಾರದೆ ಅಳುತ್ತಾಳೆ. ಕ್ಷಮೆ ಸಲೀಸಾಗಿ ಬರುವುದಿಲ್ಲ. ಇನ್ನೊಂದು, ನಗರದ ಹೆಂಗಸು ಕೆಟ್ಟವಳಾದರೂ ನಗರ ಕೆಟ್ಟದ್ದಲ್ಲ. ಇವರು ಮತ್ತೆ ಕೂಡುವುದು ಅಲ್ಲಿಯೇ, ಕ್ಷೌರದಂಗಡಿ, ಫೋಟೋ ಸ್ಟುಡಿಯೋ, ಕುಡಿದ ಹಂದಿಮರಿ ಓಡಾಡುವ ಜಾತ್ರೆಯಂಥ ಬಯಲು, ಇವುಗಳ ನಡುವೆ. ಹಳ್ಳಿಯೇ ಒಳ್ಳೆಯದೆಂಬ ಸಲೀಸು ತೀರ್ಮಾನಕ್ಕೆ ಮುರ್ನೌ ಬೀಳಲಿಲ್ಲ.

ಭಾರತಕ್ಕೆ, ಕನ್ನಡಕ್ಕೆ ಇದರ ಗಾಳಿ ಏನಾದರೂ ಬೀಸಿತೇ?

ಹೆಸರಿನ ಮೂಲಕ ಖಂಡಿತ. ರಂಜಿತ್ ಮೂವಿಟೋನ್, ಸಾಗರ್ ಮೂವಿಟೋನ್, ವಾಡಿಯಾ ಮೂವಿಟೋನ್, ಮಿನರ್ವಾ ಮೂವಿಟೋನ್. ಇವು ಯಾವುವೂ ಫಾಕ್ಸ್‌ನ ಶಾಖೆಗಳಲ್ಲ. ಟಾಕಿ ಕಂಪನಿಯೆಂದರೆ ಮೂವಿಟೋನ್ ಎಂಬಂತಾಗಿತ್ತು. ಬಿಡುಗಡೆಯಾದ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ ತೆಗೆದದ್ದೂ ಚಮನ್‌ಲಾಲ್ ಡೂಂಗಾಜಿ ಅವರ ಸೌತ್ ಇಂಡಿಯಾ ಮೂವಿಟೋನ್. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು.

ನಮ್ಮಲ್ಲಿ ಮಾತ್ರ ಈ ನಡುವಿನ ಘಟ್ಟ ಬೇರೂರಲೇ ಇಲ್ಲ. 1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್‌ನಲ್ಲಿ ‘ಆಲಂ ಆರಾ’ ಬಂದದ್ದೇ ಮಾತು ಮತ್ತು ಹಾಡುಗಳೊಂದಿಗೆ. ಅದಕ್ಕೆ ಮೂರೇ ದಿನ ಮೊದಲು ಮುರ್ನೌ ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡಿದ್ದರು, 42ನೆಯ ವಯಸ್ಸಿಗೆ. ‘ಸತಿ ಸುಲೋಚನಾ’ದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ಕಂಪನಿ ನಾಟಕದಿಂದ ಬಂದವರು. ಹಾಡುವ, ಘನವಾಗಿ ಮಾತಾಡುವ ರಂಗಭೂಮಿ ಎದುರಿಗೇ ಇದ್ದಾಗ ಕೊಂಬಿನಿಂದ ಕೂಗಿಸುವ ಸುತ್ತುದಾರಿ ಯಾರಿಗೆ ಬೇಕಿತ್ತು? ‘ಆಲಂ ಆರಾ’, ‘ಸತಿ ಸುಲೋಚನಾ’ ಎರಡರ ಪ್ರತಿಯೂ ಉಳಿದಿಲ್ಲ.

‘ಸನ್‌ರೈಸ್’ ಉಳಿದದ್ದು ಹೇಗೆ? ಯಾವ ಪ್ರತಿ ನೋಡಬೇಕು?

ಮೂಲ ನೆಗೆಟಿವ್ ಉಳಿಯಲಿಲ್ಲ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಉಗ್ರಾಣಕ್ಕೆ ಬೆಂಕಿ ಬಿದ್ದು ಸುಟ್ಟಿತು. ಆ ಕಾಲದ ನೈಟ್ರೇಟ್ ಫಿಲಂ ಸೆಕೆಗೆ ತಾನಾಗಿಯೂ ಹೊತ್ತಿಕೊಳ್ಳುವಂಥದ್ದು. ಉಳಿದಿದ್ದ ಪ್ರದರ್ಶನ ಪ್ರತಿಯಿಂದ ಹೊಸ ನೆಗೆಟಿವ್ ತೆಗೆದರು. ನಾವು ನೋಡುವುದು ಅದರ ಸಂತಾನ.

ಎರಡು ರೂಪಗಳು ಸಿಗುತ್ತವೆ. ಮೂವಿಟೋನ್ ಪ್ರತಿ ಸುಮಾರು 95 ನಿಮಿಷ, ಕಿರಿದಾದ ಚೌಕಟ್ಟು, 1927ರ ಸಂಗೀತ. ಇನ್ನೊಂದು ಜೆಕ್ ಟೈಟಲ್‌ಗಳಿರುವ ಮೂಕಿ ಪ್ರತಿ, ಸುಮಾರು 80 ನಿಮಿಷ. ಯೂರೋಪಿಗೆ ಕಳಿಸಿದ ರೂಪದ ಕುರುಹು. ಶಬ್ದಪಟ್ಟಿಗೆ ಜಾಗ ಬಿಡಬೇಕಿರದ ಕಾರಣ ಅದರ ಚಿತ್ರ ಅಗಲ, ಕೆಲವು ಕಡೆ ಇನ್ನೂ ಸ್ಪಷ್ಟ. ಅಮೆರಿಕದಲ್ಲಿ ಚಿತ್ರದ ಹಕ್ಕು 2023ರ ಜನವರಿ 1ಕ್ಕೆ ಮುಗಿದಿದ್ದರಿಂದ ಅಂತರ್ಜಾಲದಲ್ಲಿ ಬಗೆಬಗೆಯ ಪ್ರತಿಗಳು ಹರಿದಾಡುತ್ತಿವೆ. ಕೆಲವಕ್ಕೆ ಯಾರೋ ಕೀಬೋರ್ಡ್ ಸಂಗೀತ ಸುರಿದಿದ್ದಾರೆ. ಪರೀಕ್ಷೆ ಸುಲಭ: ಟ್ರಾಫಿಕ್ ದೃಶ್ಯಕ್ಕೆ ಹೋಗಿ, ಹಾರ್ನು ಕೇಳದಿದ್ದರೆ ಆ ಪ್ರತಿ ಮುಚ್ಚಿ ಬೇರೆ ಹುಡುಕಿ.

ಇದು ಹಿಡಿಸಿತು. ಮುಂದೇನು ನೋಡಲಿ?

ಫ್ರಾಂಕ್ ಬೋರ್ಜೇಗಿ ನಿರ್ದೇಶನದ ‘ಸೆವೆಂತ್ ಹೆವನ್’ ಮತ್ತು ‘ಸ್ಟ್ರೀಟ್ ಏಂಜೆಲ್’. ಅದೇ ಫಾಕ್ಸ್, ಅದೇ ಗೇನರ್. ‘ಸೆವೆಂತ್ ಹೆವನ್’ಗೂ ಆಮೇಲೆ ಮೂವಿಟೋನ್ ಸಂಗೀತ ಕೂಡಿಸಿದರು. ಮುರ್ನೌ ಅವರದೇ ‘ಸಿಟಿ ಗರ್ಲ್’ (1930) ನೋಡುವುದಾದರೆ ಮೂಕಿ ರೂಪವನ್ನೇ ನೋಡಿ. ಸ್ಟುಡಿಯೋದವರು ಬೇರೆಯವರಿಂದ ಮಾತು ಸೇರಿಸಿದ ರೂಪ ಕಳೆದುಹೋಗಿದೆ, ಅದರ ಬಗ್ಗೆ ಯಾರೂ ಅತ್ತದ್ದಿಲ್ಲ. ಆಮೇಲೆ ಚಾಪ್ಲಿನ್ ಅವರ ‘ಸಿಟಿ ಲೈಟ್ಸ್’ (1931). ಪ್ರತಿಮೆ ಅನಾವರಣದ ಮೊದಲ ದೃಶ್ಯದಲ್ಲಿ ಗಣ್ಯರ ಭಾಷಣಕ್ಕೆ ಪೀಪಿಯ ಕೀಚು ದನಿ ಹಾಕಿದ್ದಾರೆ. ಎಲ್ಲರೂ ಟಾಕಿಗೆ ಓಡಿದ ಮೇಲೆ ಬಂದ ಆ ಕೀಚು, ‘ಸನ್‌ರೈಸ್’ನ ಕೊಂಬಿನ ತುಂಟ ತಮ್ಮ.